ಎತ್ತರದ ಸೀಸೆ, ತಗ್ಗಿನ ಮಡಕೆ

ಬೆಂಗಳೂರಿನ ಮಿತ್ರರೊಬ್ಬರು ಈಚೆಗೆ ನಾಲ್ಕಾರು ಜನರನ್ನು ಮನೆಗೆ ಊಟಕ್ಕೆ ಕರೆದಿದ್ದರು. ಎಲೆ ಹಾಕುವುದಕ್ಕೆ ಮುಂಚೆ ಒಂದು ಸೀಸೆ ಹೊರಬಂತು. ಕೆಂಪು ವೈನು. ಮಿತ್ರರು ಅದನ್ನು ಹಸುಗೂಸಿನಂತೆ ಎರಡು ಕೈಯಲ್ಲೂ ಎತ್ತಿ ಎಲ್ಲರಿಗೂ ತೋರಿಸಿದರು. ಲೋಟದ ತಳಕ್ಕೆ ಒಂದಿಷ್ಟು ಬಗ್ಗಿಸಿ, ಲೋಟವನ್ನು ಗಿರ್ರನೆ ಆಡಿಸಿ, ಅದರೊಳಕ್ಕೆ ಮೂಗನ್ನು ಇಳಿಬಿಟ್ಟು, ಕಣ್ಣು ಮುಚ್ಚಿಕೊಂಡು, "ಇದು ಅಂತಿಂಥದ್ದಲ್ಲ, ಎತ್ತರದ ತೋಟದ್ದು. ಪ್ರೀಮಿಯಂ" ಎಂದರು. ನಾವೆಲ್ಲರೂ, ತಿಳಿದವರೂ ತಿಳಿಯದವರೂ, ತಲೆದೂಗಿದೆವು.

ಮೂಲೆಯಲ್ಲಿ ಅವರ ಸೋದರಮಾವ ಕೂತಿದ್ದರು. ಮಾಗಡಿ ಕಡೆಯ ಹಳ್ಳಿಯವರು, ಎಂಬತ್ತು ದಾಟಿದವರು. ಅವರು ಎಲ್ಲವನ್ನೂ ಸಾವಧಾನವಾಗಿ ನೋಡಿ, "ಅಲ್ಲ ಕಣಪ್ಪಾ, ಬಳ್ಳಿ ಎತ್ತರದಾಗೆ ಬೆಳೆದ್ರೆ ಕುಡ್ದೋನು ತಗ್ಗಿಗೆ ಬೀಳಾಕಿಲ್ವಾ?" ಎಂದರು. ಎಲ್ಲರೂ ನಕ್ಕರು. ಮುದುಕರು ನಗಲಿಲ್ಲ. "ನಮ್ಮೂರೂ ಎತ್ತರದಾಗೇ ಐತಲ್ಲ. ನಮ್ ಈಚಲ ಹೆಂಡಕ್ಯಾಕೆ ಈ ಮರ್ವಾದೆ ಇಲ್ಲ?" ಎಂದು ಕೇಳಿದರು.

ಈ ಎರಡನೆಯ ಪ್ರಶ್ನೆಗೆ ಯಾರೂ ನಗಲಿಲ್ಲ. ಯಾರೂ ಉತ್ತರವನ್ನೂ ಕೊಡಲಿಲ್ಲ. ಅಷ್ಟರಲ್ಲಿ ಎಲೆ ಹಾಕಿದರು, ಮಾತು ಬೇರೆ ಕಡೆ ಹೊರಳಿತು. ಅಂದು ತೇಲಿಹೋದ ಆ ಪ್ರಶ್ನೆಯನ್ನು ಇಂದು ಓದುಗರ ಮುಂದೆ ಇಡುತ್ತಿದ್ದೇನೆ. ಆ ಹಿರಿಯರು ಕೇಳಿದ್ದು ಹಾಸ್ಯಕ್ಕಲ್ಲ. ಅದು ನಮ್ಮ ಕಾನೂನಿಗೂ ನಮ್ಮ ನಾಗರಿಕತೆಗೂ ಹಾಕಿದ ಪ್ರಶ್ನೆ.

ಮೊದಲು ಎತ್ತರದ ಮಾತಿಗೆ ಸಲ್ಲಬೇಕಾದ ನ್ಯಾಯವನ್ನು ಸಲ್ಲಿಸಿಬಿಡೋಣ. ಅದು ಬರೀ ಬೂಟಾಟಿಕೆಯಲ್ಲ. ಸಮುದ್ರಮಟ್ಟದಿಂದ ಸಾವಿರ ಮೀಟರ್ ಮೇಲೇರಿದರೆ ಹವೆ ಸುಮಾರು ಆರೂವರೆ ಡಿಗ್ರಿಯಷ್ಟು ತಣ್ಣಗಾಗುತ್ತದೆ. ಹಗಲು ಬಿಸಿಲು, ರಾತ್ರಿ ತಂಪು. ರಾತ್ರಿ ತಂಪಾಗಿದ್ದರೆ ಹಣ್ಣಿನ ಹುಳಿ ಉಳಿಯುತ್ತದೆ. ರಾತ್ರಿಯೂ ಧಗೆಯಾದರೆ ಹುಳಿ ಕರಗಿ ಬರೀ ಸಕ್ಕರೆ ಉಳಿಯುತ್ತದೆ. ಎತ್ತರದಲ್ಲಿ ಬಿಸಿಲಿನ ನೇರಳಾತೀತ ಕಿರಣ ತೀಕ್ಷ್ಣ. ಅದರಿಂದ ತನ್ನನ್ನು ಕಾಪಾಡಿಕೊಳ್ಳಲು ಹಣ್ಣು ಸಿಪ್ಪೆಯನ್ನು ದಪ್ಪ ಮಾಡಿಕೊಳ್ಳುತ್ತದೆ, ಬಣ್ಣವನ್ನು ಗಾಢ ಮಾಡಿಕೊಳ್ಳುತ್ತದೆ. ಕೆಂಪು ವೈನಿನ ಬಣ್ಣವೂ ಒಗರೂ ಬಹುಮಟ್ಟಿಗೆ ಬರುವುದು ತಿರುಳಿನಿಂದಲ್ಲ, ಸಿಪ್ಪೆಯಿಂದ. ಆದ್ದರಿಂದ ಬಿಳಿಯದಕ್ಕಿಂತ ಕೆಂಪಿನದಕ್ಕೆ ಈ ಗುಣ ಹೆಚ್ಚು ಬೇಕು. ಅರ್ಜೆಂಟೀನಾದ ಮೆಂಡೋಜ಼ಾ ಪ್ರಾಂತದ ಊಕೋ ಕಣಿವೆಯಲ್ಲಿ ಒಂಬೈನೂರರಿಂದ ಸಾವಿರದೈನೂರು ಮೀಟರ್ ಎತ್ತರದ ತೋಟಗಳಿವೆ. ಅದೇ ದೇಶದ ಸಾಲ್ಟಾದಲ್ಲಿ ಮೂರು ಸಾವಿರ ಮೀಟರಿನ ಮೇಲೂ ಬಳ್ಳಿ ಹಬ್ಬಿಸಿದ್ದಾರೆ. ಚೀನಾದ ಯುನ್ನಾನ್ ಪ್ರಾಂತದಲ್ಲಿ ಹಿಮಪರ್ವತಗಳ ಮಗ್ಗುಲಿಗೆ, ಎರಡು ಸಾವಿರ ಮೀಟರಿನ ಮೇಲೆ, ಫ್ರೆಂಚ್ ಕಂಪೆನಿಯೊಂದು ತೋಟ ಮಾಡಿ 2013ರ ಸುಗ್ಗಿಯಿಂದ ದುಬಾರಿ ಕೆಂಪು ವೈನನ್ನು ಮಾರುತ್ತಿದೆ.

ನಮ್ಮ ನಾಡಿಗಂತೂ ಎತ್ತರವೇ ಆಧಾರ. ಬೆಂಗಳೂರಿನ ಸುತ್ತಣ ಪ್ರದೇಶ ಭೂಮಧ್ಯರೇಖೆಯಿಂದ ಹದಿಮೂರು ಡಿಗ್ರಿಯಷ್ಟೇ ಉತ್ತರದಲ್ಲಿದೆ. ಈ ನೆಲ ಸಮುದ್ರಮಟ್ಟದಲ್ಲಿದ್ದಿದ್ದರೆ ಇಲ್ಲಿ ಒಳ್ಳೆಯ ವೈನಿನ ಮಾತೇ ಏಳುತ್ತಿರಲಿಲ್ಲ. ಫ್ರಾನ್ಸಿನ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ದೆ ಹೋಗುತ್ತದೆ. ಇಲ್ಲಿ ಆ ನಿದ್ದೆ ಇಲ್ಲ. ಆದ್ದರಿಂದ ನಮ್ಮ ರೈತ ವರ್ಷಕ್ಕೆ ಎರಡು ಬಾರಿ ಬಳ್ಳಿ ಸವರುತ್ತಾನೆ: ಬೇಸಗೆಯ ಮೊದಲಲ್ಲಿ ಒಮ್ಮೆ, ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಇನ್ನೊಮ್ಮೆ. ಎರಡನೆಯ ಸವರಿಕೆಗೆ ಬಿಟ್ಟ ಹೂವು ಫೆಬ್ರವರಿ ಮಾರ್ಚಿಗೆ ಹಣ್ಣಾಗುತ್ತದೆ. ಈ ಕೆಲಸ ಆಗುವಂತೆ ನಂದಿಬೆಟ್ಟದ ಬುಡದಲ್ಲಿ, ದೊಡ್ಡಬಳ್ಳಾಪುರದ ಬಳಿ, 1988ರಲ್ಲಿ ಗ್ರೋವರ್ ದ್ರಾಕ್ಷಿತೋಟ ಎದ್ದಿತು. 1990ರ ದಶಕದ ನಡುವಿನಲ್ಲಿ ಬೋರ್ದೋದ ಹೆಸರಾಂತ ವೈನ್ ತಜ್ಞ ಮಿಶೆಲ್ ರೋಲಾಂ ಅದಕ್ಕೆ ಸಲಹೆಗಾರರಾದರು. ಕ್ಯಾಬರ್ನೆ ಸುವಿನ್ಯೋಂ ಮತ್ತು ಶಿರಾಜ್ ಹಣ್ಣುಗಳಿಂದ ಮಾಡಿದ ಅಲ್ಲಿಯ 'ಲಾ ರಿಸರ್ವ್' ಹೊರದೇಶಗಳಲ್ಲೂ ಗಮನ ಸೆಳೆಯಿತು. ಇದು ಸಣ್ಣ ಸಾಧನೆಯಲ್ಲ. ಕನ್ನಡ ನೆಲದ ಮಣ್ಣು, ಬಿಸಿಲು, ತಂಪು ಕೂಡಿ ಹೀಗೊಂದು ರಸವಾಯಿತು ಎಂದರೆ ನಾನೂ ಸಂತೋಷಪಡುವವನೇ.

ಹಾಗಾದರೆ ನನ್ನ ಜಗಳ ಯಾರ ಮೇಲೆ? ತೋಟದ ಮೇಲಲ್ಲ, ಬಳ್ಳಿಯ ಮೇಲಲ್ಲ, ಸೀಸೆಯ ಮೇಲೂ ಅಲ್ಲ. ಹವೆಗೂ ಮಣ್ಣಿಗೂ ಸೇರಿದ ಎತ್ತರವನ್ನು ಕುಡಿಯುವವನ ಎತ್ತರವನ್ನಾಗಿ ಮಾಡಿಕೊಂಡಿದ್ದೇವಲ್ಲ, ಆ ಮೋಸದ ಮೇಲೆ. ಅದೇ ಎತ್ತರದ ನೆಲದಲ್ಲಿ ಹುಟ್ಟಿದ ಇನ್ನೊಂದು ಪಾನೀಯವನ್ನು ತಗ್ಗಿನದೆಂದು ತಳ್ಳಿ, ಅದಕ್ಕೆ ಕಾನೂನಿನ ಮೊಹರನ್ನೂ ಒತ್ತಿದ್ದೇವಲ್ಲ, ಆ ಪಕ್ಷಪಾತದ ಮೇಲೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕು ತಾಲ್ಲೂಕುಗಳನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ರಾಮನಗರವೂ ಚನ್ನಪಟ್ಟಣವೂ ಸಮುದ್ರಮಟ್ಟಕ್ಕಿಂತ ಸುಮಾರು 740–750 ಮೀಟರ್ ಎತ್ತರದಲ್ಲಿವೆ. ಕನಕಪುರ ಕಾವೇರಿಯ ಕಡೆಗೆ ಇಳಿಯುವ ನೆಲ, ಸ್ವಲ್ಪ ತಗ್ಗು. ಮಾಗಡಿ ಬೆಂಗಳೂರಿನ ಸರಿಸಮಕ್ಕೆ, 900 ಮೀಟರಿನ ಮೇಲೆ. ಅದರ ಪಕ್ಕದ ಸಾವನದುರ್ಗ 1226 ಮೀಟರ್. ಮಣ್ಣಿನ ವಿಷಯಕ್ಕೆ ಬಂದರೆ, ಫ್ರಾನ್ಸಿನ ಬೋಜೋಲೆ ಸೀಮೆಯವರು ತಮ್ಮ ಬಳ್ಳಿಗಳು ಗ್ರಾನೈಟ್ ನೆಲದ ಮೇಲೆ ನಿಂತಿವೆ ಎಂದು ಹೆಮ್ಮೆಪಡುತ್ತಾರೆ. ನಮ್ಮ ರಾಮನಗರದ ಬಂಡೆಗಳಿಗೆ ಭೂವಿಜ್ಞಾನದಲ್ಲಿ ಸ್ವಂತ ಹೆಸರೇ ಇದೆ: ಕ್ಲೋಸ್‌ಪೇಟೆ ಗ್ರಾನೈಟ್. ವಯಸ್ಸು ಸುಮಾರು ಇನ್ನೂರೈವತ್ತು ಕೋಟಿ ವರ್ಷ. ಸೀಸೆಯ ಮೇಲೆ ಅಚ್ಚು ಹಾಕಿಸಲು ಇದಕ್ಕಿಂತ ದೊಡ್ಡ ಬಿರುದು ಯಾವ ದೇಶದ ತೋಟಕ್ಕಿದೆ?

ಹೆಸರಿನ ಮಾತು ಬಂದದ್ದರಿಂದ ಒಂದು ಸಂಗತಿ. ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸನ ಹೆಸರಿನಿಂದ ಕ್ಲೋಸ್‌ಪೇಟೆಯಾಗಿದ್ದ ಊರು ಮುಂದೆ ರಾಮನಗರವಾಯಿತು. 2007ರ ಆಗಸ್ಟಿನಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ಜಿಲ್ಲೆಯಾಯಿತು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟರು. ಬೆಂಗಳೂರು ಎಂಬ ಹೆಸರು ಅಂಟಿಕೊಂಡರೆ ಬಂಡವಾಳ ಬರುತ್ತದೆ, ನೆಲಕ್ಕೆ ಬೆಲೆ ಬರುತ್ತದೆ ಎಂಬುದು ಅದರ ಹಿಂದಿನ ವಾದ. ಬಂಡೆ ಅದೇ, ಮಾವಿನತೋಪು ಅದೇ, ಹಿಪ್ಪುನೇರಳೆ ಹೊಲ ಅದೇ, ರಾಗಿಯೂ ಅದೇ. ಬದಲಾದದ್ದು ಲೇಬಲ್ಲು. ಲೇಬಲ್ಲಿನಿಂದ ಬೆಲೆ ಏರುತ್ತದೆ ಎಂಬ ತತ್ತ್ವವನ್ನು ವೈನಿನ ಅಂಗಡಿಯವರಿಗಿಂತ ನಮ್ಮ ಆಳುವವರು ಚೆನ್ನಾಗಿ ಅರಿತಿದ್ದಾರೆ.

ಈ ನೆಲದಲ್ಲೂ ವೈನು ಬಂದಿದೆ. ಮೈಸೂರಿಗೆ ಹಳೆಯ ಹೆದ್ದಾರಿಯಲ್ಲಿ ಹೋಗುವವರು ಚನ್ನಪಟ್ಟಣದ ಬಳಿ ಹೆರಿಟೇಜ್ ವೈನರಿಯ ಹಲಗೆಯನ್ನು ಕಂಡಿರುತ್ತಾರೆ. ಶನಿವಾರ ಭಾನುವಾರ ನಗರದವರು ಹೋಗುತ್ತಾರೆ, ತೋಟ ಸುತ್ತುತ್ತಾರೆ, ರುಚಿ ನೋಡುತ್ತಾರೆ, ಸೀಸೆ ಕೊಂಡು ಬರುತ್ತಾರೆ. ತಪ್ಪೇನೂ ಇಲ್ಲ. ಆದರೆ ಅದೇ ದಾರಿಯುದ್ದಕ್ಕೂ, ಕೆರೆಯ ಕೋಡಿಯಲ್ಲಿ, ಹಳ್ಳದ ದಂಡೆಯಲ್ಲಿ, ಇನ್ನೂ ಅಲ್ಲೊಂದು ಇಲ್ಲೊಂದು ಈಚಲು ಮರ ನಿಂತಿರುವುದನ್ನು ಅವರು ಗಮನಿಸುವುದಿಲ್ಲ. ಆ ಮರ ನಿಂತಿರುವುದೂ 750 ಮೀಟರಿನ ಮೇಲೇ. ಅದರ ಬೇರು ಇಳಿದಿರುವುದೂ ಇನ್ನೂರೈವತ್ತು ಕೋಟಿ ವರ್ಷದ ಗ್ರಾನೈಟಿನ ಪುಡಿಮಣ್ಣಿಗೇ. ಬೆಳಗಿನ ತಂಪಿನಲ್ಲಿ ಅದರ ರಸ ಸಿಹಿ; ಬಿಸಿಲೇರಿದಂತೆ ಗಾಳಿಯ ಹುದುಗು ಕೂಡಿ ಹುಳಿಯಾಗುತ್ತದೆ, ಅಮಲಾಗುತ್ತದೆ. ದ್ರಾಕ್ಷಿಯ ರಸ ವೈನಾಗುವುದೂ ಹುದುಗಿನಿಂದಲೇ. ಒಂದಕ್ಕೆ ಓಕ್ ಮರದ ಪೀಪಾಯಿ, ಇನ್ನೊಂದಕ್ಕೆ ಮಣ್ಣಿನ ಮಡಕೆ. ಸಕ್ಕರೆಯನ್ನು ಅಮಲು ಮಾಡುವ ವಿದ್ಯೆ ಎರಡರಲ್ಲೂ ಒಂದೇ.

ಹಾಗಿದ್ದರೂ ಕಾನೂನು ಇವೆರಡನ್ನು ಹೇಗೆ ಕಂಡಿತು? 2004ರಲ್ಲಿ ಕರಾವಳಿಯ ಕಡೆಯನ್ನು ಬಿಟ್ಟು ರಾಜ್ಯದ ಉಳಿದ ಭಾಗಗಳಲ್ಲಿ ಸೇಂದಿ ಇಳಿಸುವುದನ್ನೂ ಮಾರುವುದನ್ನೂ ನಿಲ್ಲಿಸಲಾಯಿತು. ತಲೆತಲಾಂತರದಿಂದ ಈಚಲು ಮರ ಏರುತ್ತಿದ್ದ ಈಡಿಗರು ಒಂದೇ ವರ್ಷದಲ್ಲಿ ಮರ ಇಳಿದು ಕೂಲಿಗೆ ಹೊರಟರು. 2007ರ ಜುಲೈ 1ರಿಂದ ಸಾರಾಯಿಯೂ ನಿಂತಿತು. ಅದೇ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಬಂತು, ಅದರ ಬೆನ್ನಿಗೇ ವೈನ್ ಮಂಡಳಿ ಬಂತು, ರಿಯಾಯಿತಿಗಳು ಬಂದವು, ಬೆಂಗಳೂರಿನಲ್ಲಿ ದ್ರಾಕ್ಷಾರಸ ಉತ್ಸವಗಳು ನಡೆದವು. ಒಂದು ಕೈ ಒಂದು ಬಾಗಿಲಿಗೆ ಬೀಗ ಹಾಕುತ್ತಿದ್ದಾಗ ಇನ್ನೊಂದು ಕೈ ಇನ್ನೊಂದು ಬಾಗಿಲಿಗೆ ತೋರಣ ಕಟ್ಟುತ್ತಿತ್ತು. ಎರಡೂ ಒಂದೇ ಸರ್ಕಾರದ ಕೈಗಳು.

ಇಲ್ಲಿ ಓದುಗರು ನನ್ನನ್ನು ತಪ್ಪಾಗಿ ತಿಳಿಯಬಾರದು. ಸಾರಾಯಿಯ ಪರವಾಗಿ ವಾದಿಸಲು ನಾನು ಹೊರಟಿಲ್ಲ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಬಡವರು ಸತ್ತದ್ದನ್ನು ಮರೆಯುವುದು ಹೇಗೆ? ಕುಡಿತದಿಂದ ಮನೆ ಮುರಿದ ಹೆಂಗಸರ ಕಣ್ಣೀರು ಸುಳ್ಳಲ್ಲ. ಸಾರಾಯಿ ಬೇಡವೆಂದು ಹಳ್ಳಿ ಹಳ್ಳಿಯಲ್ಲಿ ಬೀದಿಗೆ ಬಂದವರು ಅವರೇ. ಅವರಿಗೆ ನಾನು ತಲೆಬಾಗುತ್ತೇನೆ. ಆದರೆ ಸಾರಾಯಿ ಹೋದ ಜಾಗಕ್ಕೆ ಬಂದದ್ದೇನು? 2008ರ ಮೇ ತಿಂಗಳಲ್ಲಿ ಬೆಂಗಳೂರು ಮತ್ತು ಗಡಿಯಾಚೆಯ ಕೃಷ್ಣಗಿರಿ ಕಡೆ ಮತ್ತೆ ಕಳ್ಳಭಟ್ಟಿ ನೂರಕ್ಕೂ ಹೆಚ್ಚು ಜನರನ್ನು ನುಂಗಿತು. ಉಳಿದವರ ಕೈಗೆ ಅಗ್ಗದ ವಿಸ್ಕಿಯ ಕಾಗದದ ಪೊಟ್ಟಣ ಬಂತು. ಈಚಲು ಹೆಂಡದಲ್ಲಿ ಅಮಲಿನ ಅಂಶ ನೂರಕ್ಕೆ ನಾಲ್ಕೋ ಆರೋ. ವೈನಿನಲ್ಲಿ ಹನ್ನೆರಡರಿಂದ ಹದಿನಾಲ್ಕು. ಆ ವಿಸ್ಕಿಯಲ್ಲಿ ನಲವತ್ತೆರಡೂ ಮುಕ್ಕಾಲು. ಆರನ್ನು ನಿಷೇಧಿಸಿ ನಲವತ್ತೆರಡನ್ನು ಮಾರುವುದಕ್ಕೆ ಪಾನನಿರೋಧ ಎಂದು ಹೆಸರಿಡುವುದಾದರೆ ಭಾಷೆಯಲ್ಲಿ ಶಬ್ದಗಳಿಗೆ ಅರ್ಥವೇ ಬೇಡ.

ಆ ವಿಸ್ಕಿಯ ಸಗಟು ವ್ಯಾಪಾರಿ ಯಾರು? 2003ರಿಂದ ಸರ್ಕಾರದ್ದೇ ಪಾನೀಯ ನಿಗಮ. ಕನಕಪುರಕ್ಕೋ ಮಾಗಡಿಗೋ ಹೋಗಿ ಪೇಟೆ ಬೀದಿಯಲ್ಲಿ ನಿಂತು ನೋಡಿ. ಹೆಂಡ ವಿಸ್ಕಿಗಳ ಭೇದವಿಲ್ಲದೆ ಮದ್ಯದಂಗಡಿಗೆಲ್ಲ ನಮ್ಮ ಜನ ಇಟ್ಟಿರುವ ಹೆಸರು 'ವೈನ್ ಶಾಪ್', ಇಲ್ಲವೇ 'ವೈನ್ಸ್'. ಒಳಗೆ ವಿಸ್ಕಿ ಇದೆ, ರಮ್ ಇದೆ, ಬ್ರಾಂದಿ ಇದೆ. ವೈನನ್ನು ಕೇಳಿದರೆ ಅಂಗಡಿಯವನು ಹಿಂದಿನ ಅಟ್ಟದಲ್ಲಿ ಧೂಳು ಒರೆಸಿ ಒಂದು ಸೀಸೆ ತೆಗೆಯಬೇಕು. ವಿಸ್ಕಿ ಮಾರುವುದಕ್ಕೂ ವೈನಿನ ಹೆಸರಿನ ಮರೆ ಬೇಕಾಯಿತು! ಗೌರವ ಎಲ್ಲಿದೆ, ಲಾಭ ಎಲ್ಲಿದೆ ಎಂಬುದನ್ನು ಈ ಒಂದು ಹಲಗೆ ಹೇಳುತ್ತದೆ.

ಇನ್ನು ಎದುರುವಾದಗಳನ್ನು ಒಂದೊಂದಾಗಿ ನೋಡೋಣ. ಹೆಂಡಕ್ಕೆ ಕಲಬೆರಕೆ ಮಾಡುತ್ತಿದ್ದರು ಎನ್ನುತ್ತಾರೆ. ನಿಜ. ಕ್ಲೋರಲ್ ಹೈಡ್ರೇಟ್ ಎಂಬ ನಿದ್ದೆಯ ವಿಷವನ್ನು ಬೆರೆಸಿ ನೀರನ್ನೇ ಹೆಂಡವೆಂದು ಮಾರಿದ ದುರುಳರಿದ್ದರು. ಆದರೆ ಹಾಲಿಗೆ ನೀರು, ಯೂರಿಯಾ ಬೆರೆಸಿದವರು ಸಿಕ್ಕಿಬಿದ್ದಾಗ ನಾವು ಎಮ್ಮೆ ಸಾಕುವುದನ್ನು ನಿಷೇಧಿಸಲಿಲ್ಲ. ಹಾಲು ಪರೀಕ್ಷೆ ಮಾಡುವ ಏರ್ಪಾಟು ಮಾಡಿದೆವು. ಕಲಬೆರಕೆ ಮಾಡಿದವನು ಗುತ್ತಿಗೆದಾರ, ಮರ ಕಳೆದುಕೊಂಡವನು ಈಡಿಗ. ಯಾವ ನ್ಯಾಯ ಇದು? ಪಕ್ಕದ ಕೇರಳದಲ್ಲಿ ಸೇಂದಿ ಅಂಗಡಿಗಳು ಪರವಾನಗಿಯಲ್ಲಿ ನಡೆಯುತ್ತವೆ. ನಮ್ಮದೇ ಕರಾವಳಿಯಲ್ಲೂ ಸೇಂದಿಗೆ ಅವಕಾಶ ಉಳಿಯಿತು. ಘಟ್ಟದ ಕೆಳಗೆ ಸಭ್ಯವಾದದ್ದು ಘಟ್ಟದ ಮೇಲೆ ಅಸಭ್ಯವಾಗುವುದಾದರೆ, ಎತ್ತರ ಇಲ್ಲಿ ಏನು ಕೆಲಸ ಮಾಡಿತು?

ವೈನು ಹೃದಯಕ್ಕೆ ಒಳ್ಳೆಯದು ಎನ್ನುವವರಿದ್ದಾರೆ. 1991ರಲ್ಲಿ ಅಮೆರಿಕದ ದೂರದರ್ಶನ ಕಾರ್ಯಕ್ರಮವೊಂದು ಫ್ರೆಂಚರ ಆರೋಗ್ಯದ ಗುಟ್ಟು ಕೆಂಪು ವೈನಿನಲ್ಲಿದೆ ಎಂದು ಸಾರಿದ ಮೇಲೆ ಈ ಮಾತು ಜಗತ್ತೆಲ್ಲ ಹಬ್ಬಿತು. ನಮ್ಮ ನಗರಗಳಲ್ಲಿ ಇಂದಿಗೂ ಅದು ವೇದವಾಕ್ಯ. ಆದರೆ ಆ ಮೇಲೆ ವಿಜ್ಞಾನ ಮುಂದೆ ನಡೆದಿದೆ. 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮದ್ಯಕ್ಕೆ ಸುರಕ್ಷಿತವಾದ ಪ್ರಮಾಣ ಎಂಬುದೇ ಇಲ್ಲ ಎಂದು ಸ್ಪಷ್ಟವಾಗಿ ಹೇಳಿತು. ಅಮಲು ಯಾವ ಎತ್ತರದಿಂದ ಬಂದರೂ ಯಕೃತ್ತಿಗೆ ಗುರುತು ಸಿಗುವುದಿಲ್ಲ. ಮದ್ಯ ಕೆಟ್ಟದ್ದಾದರೆ ಪೀಪಾಯಿಯಲ್ಲೂ ಕೆಟ್ಟದ್ದು, ಮಡಕೆಯಲ್ಲೂ ಕೆಟ್ಟದ್ದು. ಔಷಧದ ಸೋಗು ಬೇಡ.

ವೈನು ರೈತನಿಗೆ ನೆರವು, ಅದು ಅಬಕಾರಿಯ ವಿಷಯವಲ್ಲ, ತೋಟಗಾರಿಕೆಯ ವಿಷಯ ಎನ್ನುತ್ತಾರೆ. ಇದು ಒಳ್ಳೆಯ ವಾದ. ಇದನ್ನೇ ನಾನು ಹಿಡಿದು ನಿಲ್ಲುತ್ತೇನೆ. ವೈನ್ ಮಂಡಳಿ ಇರುವುದು ತೋಟಗಾರಿಕೆ ಇಲಾಖೆಯ ಆಶ್ರಯದಲ್ಲೇ. ದ್ರಾಕ್ಷಿ ಬೆಳೆದು ಹುದುಗಿಸಿದರೆ ಅದು ತೋಟಗಾರಿಕೆ. ಈಚಲು ಬೆಳೆದು ಹುದುಗಿಸಿದರೆ ಮಾತ್ರ ಅಪರಾಧ. ಈಚಲಿಗೆ ನೀರು ಕಟ್ಟಬೇಕಿಲ್ಲ, ಔಷಧ ಹೊಡೆಯಬೇಕಿಲ್ಲ, ಕಂಬ ತಂತಿ ಎಳೆಯಬೇಕಿಲ್ಲ. ಮಳೆ ನಂಬಿದ ಕನಕಪುರ ಮಾಗಡಿಗಳ ಒಣನೆಲಕ್ಕೆ ದ್ರಾಕ್ಷಿಗಿಂತ ಒಗ್ಗುವ ಮರ ಅದು. ರೈತನ ಹೆಸರನ್ನು ಹೇಳಿ ವೈನಿಗೆ ಕೇಳುವ ಕರುಣೆಯನ್ನು ಅವನ ನೆರೆಯವನಾದ ಈಡಿಗನಿಗೆ ಕೇಳುವಾಗ ಮಾತ್ರ ನಮ್ಮ ನಾಲಗೆ ಏಕೆ ತೊದಲುತ್ತದೆ?

ಈ ಮೇಲು ಕೀಳಿನ ಏಣಿ ದ್ರಾಕ್ಷಿಯೊಳಗೂ ಇದೆ ಎಂಬುದನ್ನು ಹೇಳದಿದ್ದರೆ ಮಾತು ಅರ್ಧಕ್ಕೆ ನಿಲ್ಲುತ್ತದೆ. ಬೆಂಗಳೂರಿನ ಉತ್ತರಕ್ಕೆ, ದೇವನಹಳ್ಳಿ ಚಿಕ್ಕಬಳ್ಳಾಪುರಗಳ ಕಡೆ ನಮ್ಮ ರೈತ ತಲೆಮಾರುಗಳಿಂದ ಬೆಳೆದ ಹಣ್ಣು ಬೆಂಗಳೂರು ನೀಲಿ ದ್ರಾಕ್ಷಿ. ಕಪ್ಪುನೀಲಿ ಸಿಪ್ಪೆ, ಒಳಗೆ ಲೋಳೆ, ಮೂಗಿಗೆ ಹೊಡೆಯುವ ಪರಿಮಳ. 2013ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಇದರಿಂದಲೂ ವೈನು ಮಾಡುತ್ತಾರೆ, ಆದರೆ ಅಗ್ಗದ ಸಿಹಿ ವೈನು. ಪ್ರೀಮಿಯಂ ಪಂಕ್ತಿಯಲ್ಲಿ ಇದಕ್ಕೆ ಎಲೆ ಹಾಕುವುದಿಲ್ಲ. ಏಕೆಂದರೆ ಇದು ಯುರೋಪಿನ ಕುಲದ್ದಲ್ಲ. ಅಮೆರಿಕದ ಕಾಡುಬಳ್ಳಿಯ ಕುಲ, ಇಸಬೆಲ್ಲಾ ಎಂಬ ತಳಿ. ಇದರ ವಾಸನೆಗೆ ಅವರು 'ನರಿಯ ನಾತ' ಎಂದು ಹೆಸರಿಟ್ಟರು. 1934ರಲ್ಲಿ ಫ್ರಾನ್ಸು ಇಸಬೆಲ್ಲಾ ಮೊದಲಾದ ಆರು ಅಮೆರಿಕನ್ ತಳಿಗಳನ್ನು ಕಾನೂನಿನಿಂದಲೇ ಬಹಿಷ್ಕರಿಸಿತು. ಬೆಲೆ ಕುಸಿದಿದ್ದ ಕಾಲ ಅದು. ಅಗ್ಗದ ಹಣ್ಣನ್ನು ಹೊರಗಟ್ಟುವುದು ಬೇಕಾಗಿತ್ತು.

ವಿಚಿತ್ರವೇನೆಂದರೆ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫಿಲಾಕ್ಸೆರಾ ಎಂಬ ಬೇರುಹೇನು ಯುರೋಪಿನ ತೋಟಗಳನ್ನೆಲ್ಲ ತಿಂದುಹಾಕಿದಾಗ ಅವನ್ನು ಬದುಕಿಸಿದ್ದು ಅಮೆರಿಕದ ಬಳ್ಳಿಯ ಬೇರುಗಳೇ. ಇಂದಿಗೂ ಫ್ರಾನ್ಸಿನ ಬಹುತೇಕ ಕುಲೀನ ಬಳ್ಳಿಗಳು ನಿಂತಿರುವುದು ಕೀಳುಕುಲದ ಆ ಬೇರಿನ ಮೇಲೆ. ಬೇರಾಗಲು ಆಗಬಹುದು, ಹಣ್ಣಾಗಲು ಆಗಬಾರದು! ಈ ನ್ಯಾಯ ನಮ್ಮ ನಾಡಿನವರಿಗೆ ಹೊಸದಲ್ಲ. ಮನುಷ್ಯರ ಮೇಲೆ ಇದನ್ನು ಸಾವಿರ ವರ್ಷ ಪ್ರಯೋಗಿಸಿದವರು ನಾವು. ಆಸ್ಟ್ರಿಯಾದವರು ಬುದ್ಧಿವಂತರು. ಇದೇ ಬಗೆಯ ಹಣ್ಣಿನ 'ಊಹುಡ್ಲರ್' ಎಂಬ ವೈನನ್ನು ಅಲ್ಲಿಯೂ 1985ರಲ್ಲಿ ನಿಷೇಧಿಸಿದ್ದರು. ಜನ ಬಿಡಲಿಲ್ಲ, ಹಟ ಹಿಡಿದರು. 1992ರಲ್ಲಿ ಅದು ಮತ್ತೆ ಕಾನೂನಿನೊಳಕ್ಕೆ ಬಂತು. ಇಂದು ಅದು ಆ ಸೀಮೆಯ ಹೆಮ್ಮೆ. ಗೋವೆಯವರೂ ಹಾಗೆಯೇ. ಗೇರುಹಣ್ಣಿನ ಫೆನ್ನಿಗೆ 2009ರಲ್ಲಿ ಭೌಗೋಳಿಕ ಗುರುತು ಪಡೆದರು, 2016ರಲ್ಲಿ ಅದನ್ನು ತಮ್ಮ ಪರಂಪರೆಯ ಪಾನೀಯವೆಂದು ಸಾರಿದರು. ನಾಚಿಕೆಪಡಬೇಕಾದಲ್ಲಿ ಪಡಲಿ, ಆದರೆ ಬಡವನದು ಎಂಬ ಒಂದೇ ಕಾರಣಕ್ಕೆ ಪಡಬಾರದು ಎಂಬುದನ್ನು ಅವರು ಕಲಿತರು.

ನಾವು ಕಲಿತದ್ದೇನು? 2020ರ ಏಪ್ರಿಲಿನಲ್ಲಿ ಊರಿಗೆ ಊರೇ ಬಾಗಿಲು ಹಾಕಿದಾಗ ಬೆಂಗಳೂರು ಸುತ್ತಿನ ದ್ರಾಕ್ಷಿ ಕೊಳ್ಳುವವರಿಲ್ಲದೆ ಬಳ್ಳಿಯಲ್ಲೇ ಕೊಳೆಯಿತು. ಎತ್ತರದ ಗುಣಗಾನ ಮಾಡುವ ನಮ್ಮ ರಸಿಕರಲ್ಲಿ ಎಷ್ಟು ಜನ ಆ ರೈತನ ಊರಿನ ಹೆಸರು ಬಲ್ಲರು? ತೋಟ ಎಷ್ಟು ಮೀಟರ್ ಎತ್ತರದಲ್ಲಿದೆ ಎಂದು ತಿಳಿದವರಿಗೆ, ಆ ತೋಟದ ಹಣ್ಣಿಗೆ ಕಿಲೋಗೆ ಎಷ್ಟು ಕೊಟ್ಟರು ಎಂಬುದು ತಿಳಿದಿಲ್ಲ.

ಈ ಪುರವಣಿಯನ್ನು ಓದುವವರಿಗೆ ಇನ್ನೊಂದು ನೆನಪು ಮಾಡಿಕೊಡಬೇಕು. 'ರತ್ನನ ಪದಗಳು' ಬರೆದ ಜಿ. ಪಿ. ರಾಜರತ್ನಂ ಹುಟ್ಟಿದ ಊರು ರಾಮನಗರವೇ. ಹೆಂಡಗುಡುಕ ರತ್ನ, ಅವನ ಪುಟ್ನಂಜಿ, ಅವನ ಪಡಖಾನೆ, ಅವನ ಒರಟು ಸಾಚಾ ಕನ್ನಡ, ಇವನ್ನು ಕನ್ನಡಿಗರು ಎದೆಗೆ ಹಚ್ಚಿಕೊಂಡರು. ಮೈಸೂರು ಅನಂತಸ್ವಾಮಿಯವರ ಕಂಠದಲ್ಲಿ ಆ ಪದಗಳು ಮನೆಮನೆಗೆ ಹೋದವು. ಪಂಡಿತರ ಸಭೆಯಲ್ಲಿ ಕುಡುಕನೊಬ್ಬ ಕವಿಯಾಗಿ ನಿಂತದ್ದು ನಮ್ಮ ಸಾಹಿತ್ಯದ ದೊಡ್ಡ ಘಟನೆ. ಏಕೆಂದರೆ ರಾಜರತ್ನಂ ಅವನ ಕುಡಿತವನ್ನು ಹೊಗಳಲಿಲ್ಲ, ಅವನ ಮನುಷ್ಯತ್ವವನ್ನು ಕಂಡರು. ಇಂದು ನಾವು ಮಾಡುವುದೇನು? ತಂಪು ಕೋಣೆಯಲ್ಲಿ ಕೂತು, ಕಾಲುದ್ದದ ಲೋಟದಲ್ಲಿ ಎತ್ತರದ ಕೆಂಪು ವೈನು ಹಿಡಿದು, ರತ್ನನ ಪದ ಕೇಳಿ ಚಪ್ಪಾಳೆ ತಟ್ಟುತ್ತೇವೆ. ಆ ರತ್ನ ಈಗ ತನ್ನ ಮಡಕೆ ಹಿಡಿದು ರಾಮನಗರದ ಬೀದಿಗೆ ಬಂದರೆ ಅವನ ಮೇಲೆ ಮೊಕದ್ದಮೆ ಹಾಕುತ್ತೇವೆ. ಅವನ ಹಾಡು ನಮಗೆ ಬೇಕು, ಅವನು ಬೇಡ.

ನಾನು ಕೇಳುವುದು ಬಹಳವಲ್ಲ. ಒಂದೇ ಅಳತೆಗೋಲು. ಮದ್ಯವೆಲ್ಲ ಕೇಡು ಎಂಬುದು ಸರ್ಕಾರದ ನಂಬಿಕೆಯಾದರೆ ಎತ್ತರದ ಸೀಸೆಗೂ ಬೀಗ ಹಾಕಲಿ, ನಾನು ವಿರೋಧಿಸುವುದಿಲ್ಲ. ಹಾಗಲ್ಲ, ಹದವರಿತ ಪಾನ ಮನುಷ್ಯನ ಸ್ವಾತಂತ್ರ್ಯಕ್ಕೂ ರೈತನ ಬದುಕಿಗೂ ಸೇರಿದ್ದು ಎಂಬುದಾದರೆ, ದ್ರಾಕ್ಷಿಯ ಬಳ್ಳಿಗೆ ಕೊಟ್ಟ ಮಾತನ್ನು ಈಚಲ ಮರಕ್ಕೂ ಕೊಡಲಿ: ಗುತ್ತಿಗೆದಾರನ ಕೈಗಲ್ಲ, ಮರ ಏರುವವರ ಸಹಕಾರ ಸಂಘದ ಕೈಗೆ ಪರವಾನಗಿ, ದಿನವೂ ಪರೀಕ್ಷೆ, ಕಲಬೆರಕೆ ಮಾಡಿದವನಿಗೆ ಸೆರೆ. ಸೀಸೆಯ ಮೇಲೆ ಎತ್ತರವನ್ನು ಅಚ್ಚು ಹಾಕಿಸುವವರು ಹಣ್ಣು ಯಾವ ಊರಿನದೆಂದೂ ಅಚ್ಚು ಹಾಕಿಸಲಿ. ಮಾಗಡಿಯದಾದರೆ ಮಾಗಡಿ ಎನ್ನಲಿ, ಚನ್ನಪಟ್ಟಣದ್ದಾದರೆ ಚನ್ನಪಟ್ಟಣ ಎನ್ನಲಿ. ನಾಸಿಕದವರು ತಮ್ಮ ಕಣಿವೆಯ ವೈನಿಗೆ ಊರ ಹೆಸರಿನಿಂದಲೇ ಭೌಗೋಳಿಕ ಗುರುತು ಪಡೆದಿದ್ದಾರೆ. ಬೇರೆ ಕಡೆಯ ಹಣ್ಣಿನ ರಸ ತಂದು ಬೆಟ್ಟದ ಚಿತ್ರ ಅಂಟಿಸುವುದಾದರೆ ಅದು ಹೆಂಡಕ್ಕೆ ನೀರು ಬೆರೆಸಿದಷ್ಟೇ ಕಲಬೆರಕೆ.

ಇದು ಕೈಗೂಡದ ಮಾತು ಎನ್ನುವವರು ಇರಬಹುದು. ಕೈಗೂಡಲಿ ಬಿಡಲಿ, ನಗರದ ನಾವು ನಮ್ಮ ಮಾತನ್ನಾದರೂ ಶುದ್ಧ ಮಾಡಿಕೊಳ್ಳಬಹುದು. ಒಳ್ಳೆಯ ವೈನನ್ನು ಒಳ್ಳೆಯ ವೈನು ಎನ್ನೋಣ. ಅದರ ಹುಳಿ, ಒಗರು, ಬಣ್ಣಗಳನ್ನು ಮೆಚ್ಚೋಣ. ಅದನ್ನು ಸಾಧಿಸಿದ ತೋಟದವರನ್ನು ಮನಸಾರೆ ಹೊಗಳೋಣ. ಅದನ್ನು ಕುಡಿದದ್ದರಿಂದ ನಾವು ಎತ್ತರವಾದೆವು ಎಂದು ಮಾತ್ರ ತಿಳಿಯದಿರೋಣ. ಎತ್ತರ ನೆಲದ್ದು. ಆ ನೆಲದ ಮೇಲೆ ಬಳ್ಳಿ ಸವರಿದವನದು, ಮರ ಏರಿದವನದು.

ಮಿತ್ರರ ಮನೆಯ ಊಟ ಮುಗಿದು ಹೊರಡುವಾಗ ಆ ಹಿರಿಯರನ್ನು ಕೇಳಿದೆ: "ನೀವು ಹೆಂಡ ಕುಡೀತಿದ್ರಾ ಯಜಮಾನರೇ?" ಅವರು ತಲೆ ಅಲ್ಲಾಡಿಸಿದರು. "ಒಂದಿನಾನೂ ಇಲ್ಲ ಸ್ವಾಮಿ. ನಮ್ಮಪ್ಪ ಕುಡ್ದು ಕುಡ್ದೇ ಸತ್ತ. ಅದ್ಕೇ ನಾನು ಮುಟ್ನಿಲ್ಲ. ಆದ್ರೆ ನ್ಯಾಯ ಅನ್ನೋದು ಕುಡಿಯೋರ್ಗೂ ಒಂದೇ ಅಲ್ವಾ?"